ಕಾಗಿಣಾ ಸೀಮೆಯ ಮಳೆಲೆಕ್ಕ

ದಖ್ಖಣದ ಹಳೆಯ ದಫ್ತರಗಳಲ್ಲಿ ಶುಹೂರ್ ಸನ್ ಎಂಬ ವರ್ಷಗಣನೆಯೊಂದು ಕಾಣಸಿಗುತ್ತದೆ. ಹದಿನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ, ದೆಹಲಿಯ ತುಘಲಕರ ಆಳ್ವಿಕೆ ದೇವಗಿರಿಯನ್ನೂ ಮೀರಿ ಹಬ್ಬಿದ್ದ ಕಾಲಕ್ಕೆ ಹುಟ್ಟಿ, ವಿಜಾಪುರದ ಆದಿಲಶಾಹಿಯ ಫರ್ಮಾನುಗಳಲ್ಲಿಯೂ ಮರಾಠರ ಪತ್ರವ್ಯವಹಾರದಲ್ಲಿಯೂ ಶತಮಾನಗಳ ಪರ್ಯಂತ ಬಾಳಿದ ಈ ಸನ್ನಿನ ಅಂಕಿಗಳನ್ನು ಅರಬ್ಬೀ ಶಬ್ದಗಳಲ್ಲಿ ಬರೆಯುತ್ತಿದ್ದರು; ಆದರೆ ಅದರ ಹೊಸ ವರ್ಷ ಕಾಲಿಡುತ್ತಿದ್ದುದು ಮೊಹರಮ್ಮಿನ ಚಂದ್ರದರ್ಶನದಿಂದಲೂ ಅಲ್ಲ, ಚೈತ್ರ ಶುದ್ಧ ಪಾಡ್ಯದಿಂದಲೂ ಅಲ್ಲ, ಸೂರ್ಯನು ಮೃಗಶಿರಾ ನಕ್ಷತ್ರವನ್ನು ಹೊಕ್ಕ ದಿನದಿಂದ. ಮರಾಠೀ ಕಾರಕೂನರು ಅದನ್ನು ಮೃಗಸಾಲ್ ಎಂದೇ ಬರೆದರು. ಬೊಕ್ಕಸವು ಕಂದಾಯವನ್ನೂ ಕಂದಾಯವು ಬೆಳೆಯನ್ನೂ ಬೆಳೆಯು ಮಳೆಯನ್ನೂ ನೆಚ್ಚಿಕೊಂಡಿದ್ದ ನಾಡಿನಲ್ಲಿ ಸುಲ್ತಾನನ ದಫ್ತರವೂ ಒಕ್ಕಲುಮಗನ ಕೂರಿಗೆಯೂ ಒಂದೇ ದಿನ ಹೊಸ ವರ್ಷಕ್ಕೆ ಕಾಲಿಡುತ್ತಿದ್ದುದು ಸಹಜವೇ ಸರಿ. ಮುಂದೆ ಹೈದರಾಬಾದಿನ ನಿಜಾಮರ ಸರ್ಕಾರವು ಕಂದಾಯದ ಫಸಲಿ ವರ್ಷವನ್ನು ಪಾರಸೀ ಮಾಸಗಳಿಗೆ ಹೊಂದಿಸಿ, ಅಕ್ಟೋಬರಿನ ಸುಮಾರಿಗೆ ಬರುವ ಆಜುರ್ ತಿಂಗಳಿಂದ ಎಣಿಸತೊಡಗಿದಾಗ ಸರ್ಕಾರೀ ವರ್ಷವು ಹಿಂಗಾರಿಯ ಕಡೆಗೆ ಸರಿಯಿತು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ರೈತನ ವರ್ಷ ಮಾತ್ರ ಮಿರಗದಲ್ಲಿಯೇ, ಅಂದರೆ ಮೃಗಶಿರೆಯಲ್ಲಿಯೇ, ನಿಂತಿತು. ಇಂದಿಗೂ ಜೂನ್ ತಿಂಗಳ ಏಳು-ಎಂಟನೆಯ ತಾರೀಖು ಬಂತೆಂದರೆ ಆ ಕಡೆಯ ಕಟ್ಟೆಗಳ ಮೇಲೆ ಮಿರಗ ಕೂಡಿತೆಂಬ ಮಾತು ಕೇಳಿಬರುತ್ತದೆ. ಬೀಜದ ಅಂಗಡಿಗಳ ಮುಂದೆ ಜನ ಸೇರುತ್ತಾರೆ.

ಈ ಊರುಗಳೂ ಶಹಾಬಾದು, ವಾಡಿಗಳೂ ಸೇರಿದ ಸೀಮೆ ಕಾಗಿಣಾ ನದಿಯ ಸೀಮೆ. ವಿಕಾರಾಬಾದಿನ ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ ತಾಂಡೂರನ್ನು ದಾಟಿ ಕನ್ನಡನಾಡನ್ನು ಪ್ರವೇಶಿಸುವ ಈ ಹೊಳೆ, ಚಿಂಚೋಳಿಯ ಕಡೆಯಿಂದ ಇಳಿದು ಬರುವ ಮುಲ್ಲಾಮಾರಿಯನ್ನು ಕೂಡಿಸಿಕೊಂಡು, ಮಳಖೇಡದ ಕೋಟೆಯನ್ನು ಬಳಸಿ, ಶಹಾಬಾದಿನ ನೆರೆಯಲ್ಲಿ ಹರಿದು, ಹೊನಗುಂಟದ ಬಳಿ ಭೀಮೆಯಲ್ಲಿ ಲೀನವಾಗುತ್ತದೆ. ಚಿಂಚೋಳಿಯಲ್ಲಿ ಗುಡ್ಡ, ಕುರುಚಲು ಕಾಡು, ಕೆಂಪು ಜಂಬಿಟ್ಟಿಗೆ. ಅಲ್ಲಿಂದ ತೆಂಕಣಕ್ಕೆ ಇಳಿದರೆ ಕಣ್ಣು ಹಾಯುವಷ್ಟೂ ಎರೆಭೂಮಿ, ಅದರ ಅಡಿಯಲ್ಲಿ ಪದರ ಪದರವಾಗಿ ಹಾಸಿದ ಸುಣ್ಣಕಲ್ಲು. ಅರಬ್ಬೀ ಸಮುದ್ರದಿಂದ ಹೊರಟ ನೈಋತ್ಯದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿದುಬಿಟ್ಟು, ಇಳಿಯುವಾಗ ಕಾವು ಏರಿ, ಒಣಗಿ, ಮುನ್ನೂರು ಕಿಲೋಮೀಟರುಗಳಿಗೂ ಮಿಗಿಲಾದ ದಾರಿಯನ್ನು ಸವೆಸಿ ಇಲ್ಲಿಗೆ ಬರುವುದರಿಂದ ಈ ಸೀಮೆ ಮಳೆನೆರಳಿನ ನಾಡಾಯಿತು. ಆದರೆ ಇದು ಕೇವಲ ನೆರಳಿನ ನಾಡಲ್ಲ ಎಂಬುದನ್ನು ಮರೆಯಬಾರದು. ಇಲ್ಲಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಕಲಬುರಗಿ ಜಿಲ್ಲೆಯ ಪಶ್ಚಿಮದ ತಾಲೂಕುಗಳಿಗಿಂತ ಸೇಡಂ, ಚಿಂಚೋಳಿಗಳಲ್ಲಿ ವರ್ಷದ ಮಳೆ ಅಧಿಕ. ಏಕೆಂದರೆ ಇಲ್ಲಿಯ ನೀರಿಗೆ ಎರಡು ತವರು: ಒಂದು ಪಡುವಣ ಸಮುದ್ರ, ಇನ್ನೊಂದು ಬಂಗಾಳ ಕೊಲ್ಲಿ. ಎರಡನೆಯದರ ಕೃಪೆ ಎಷ್ಟೆಂಬುದು ಸೆಪ್ಟೆಂಬರಿನಲ್ಲಿ ತಿಳಿಯುತ್ತದೆ.

ಸೂರ್ಯಪಥದ ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲಿ ಸೂರ್ಯನು ಹದಿಮೂರು-ಹದಿನಾಲ್ಕು ದಿನ ನಿಲ್ಲುತ್ತಾನೆ. ಆ ಅವಧಿಯಲ್ಲಿ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರು. ಅಶ್ವಿನಿ, ಭರಣಿ, ಕೃತ್ತಿಕೆಗಳು ಬೇಸಗೆಯ ಅಡ್ಡಮಳೆಗಳು. ರೋಹಿಣಿ ಮುಂಗಾರಿಯ ಹೊಸ್ತಿಲು. ಮಿರಗ, ಆರಿದ್ರಾಗಳು ಹೆಸರು, ಉದ್ದು, ತೊಗರಿಗಳ ಬಿತ್ತಿಗೆಯ ಮಳೆಗಳು. ಪುನರ್ವಸು, ಪುಷ್ಯ, ಆಶ್ಲೇಷಗಳಲ್ಲಿ ಎಡೆ ಹೊಡೆಯುವುದು, ಕಳೆ ಕೀಳುವುದು. ಮಘೆ, ಹುಬ್ಬೆಗಳು ಹೂವಿಗೂ ಕಾಯಿಗೂ. ಉತ್ತರೆ, ಹಸ್ತಾ ಬಂದವೆಂದರೆ ಹಿಂಗಾರಿ ಜೋಳದ ಕೂರಿಗೆ ಹೊರಡಬೇಕು. ಚಿತ್ತೆಯ ಹಸಿಯಲ್ಲಿ ಕಡಲೆ. ಸ್ವಾತಿಯನ್ನು ಹೊಗಳುವವರೂ ವಿಶಾಖೆಯನ್ನು ತೆಗಳುವವರೂ ಎಲ್ಲ ಕಡೆಯೂ ಇದ್ದಾರೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳವೆಂಬ ಗಾದೆ ಉತ್ತರ ಕರ್ನಾಟಕದ ಕೂಸುಗಳಿಗೂ ಬರುತ್ತದೆ. ಸೇಡಮ್ಮಿನಿಂದ ಗಡಿ ದಾಟಿದರೆ ತೆಲುಗರು ಇದೇ ಅವಧಿಯನ್ನು ಕಾರ್ತೆ ಎನ್ನುತ್ತಾರೆ. ಮೃಗಶಿರಾ ಕಾರ್ತೆಯ ದಿನ ಹೈದರಾಬಾದಿನ ಕಡೆ ಮೀನಿನ ಊಟ ಮಾಡುವುದು ರೂಢಿ. ವಾರದ ಹವಾಮಾನವೆಂದು ಈಗ ನಾವು ಓದುವುದರ ಪೂರ್ವಜ ಈ ನಕ್ಷತ್ರಪಟ್ಟಿ. ಅದು ಇಂಥ ಪಕ್ಷದಲ್ಲಿ ಇಂಥ ಮಳೆ ಇಂಥ ಕೆಲಸಕ್ಕೆ ಎಂಬ ಮುನ್ನೋಟವಾಗಿತ್ತು; ನಾಳೆ ಮಳೆ ಬಂದೀತೇ ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳಲೇ ಇಲ್ಲ.

ಈ ಪಟ್ಟಿ ಅನಾದಿಯದು, ಅಚಲವಾದದ್ದು ಎಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಭೂಮಿಯ ಅಕ್ಷವು ತೀರ ನಿಧಾನವಾಗಿ ತೊನೆಯುತ್ತಿರುವುದರಿಂದ ನಕ್ಷತ್ರಗಳ ವರ್ಷಕ್ಕೂ ಋತುಗಳ ವರ್ಷಕ್ಕೂ ಸುಮಾರು 72 ವರ್ಷಗಳಿಗೆ ಒಂದು ದಿನದ ಅಂತರ ಬೀಳುತ್ತ ಹೋಗುತ್ತದೆ; ಜ್ಯೋತಿಷಿಗಳು ಇದನ್ನು ಅಯನಚಲನೆ ಎನ್ನುತ್ತಾರೆ. ಈ ಲೆಕ್ಕವನ್ನು ಹಿಂದಕ್ಕೆ ನಡೆಸಿದರೆ, ನೃಪತುಂಗನು ಮಳಖೇಡದಲ್ಲಿ ಆಳುತ್ತಿದ್ದ ಒಂಬತ್ತನೆಯ ಶತಮಾನದ ಮಧ್ಯದಲ್ಲಿ, ಇಂದಿನ ತಾರೀಖುಗಳಲ್ಲಿ ಹೇಳುವುದಾದರೆ, ಸೂರ್ಯನು ಮೃಗಶಿರೆಯನ್ನು ಹೊಗುತ್ತಿದ್ದುದು ಮೇ ತಿಂಗಳ ನಾಲ್ಕನೆಯ ವಾರದ ಸುಮಾರಿಗೆ. ಜೂನ್ ಮೊದಲ ವಾರಕ್ಕೆ ಅವನು ಆರಿದ್ರಾದಲ್ಲಿರುತ್ತಿದ್ದನು. ಮುಂಗಾರು ಗಾಳಿ ನಕ್ಷತ್ರವನ್ನು ನೋಡಿ ಹೊರಡುವುದಿಲ್ಲ, ಋತುವನ್ನು ನೋಡಿ ಹೊರಡುತ್ತದೆ. ಆದುದರಿಂದ ರಾಷ್ಟ್ರಕೂಟರ ಕಾಲದ ಒಕ್ಕಲುಮಗನು ಮೊದಲ ಮಳೆಯನ್ನು ಎದುರು ನೋಡಿದ್ದು ಮಿರಗದಲ್ಲಲ್ಲ, ಆರಿದ್ರಾದಲ್ಲಿ ಎಂದು ನಾನು ಊಹಿಸುತ್ತೇನೆ. ಈ ಊಹೆಗೆ ಸಾಕ್ಷಿಯಾಗಿ ಪಂಚಾಂಗವೇ ನಿಂತಿದೆ: ವರ್ಷದ ಮೇಘಾಧಿಪತಿ ಯಾರೆಂಬುದನ್ನು ಇಂದಿಗೂ ನಿರ್ಣಯಿಸುವುದು ಸೂರ್ಯನು ಆರಿದ್ರಾವನ್ನು ಪ್ರವೇಶಿಸುವ ವಾರದಿಂದ. ಶಾಸ್ತ್ರವು ಹಳೆಯ ಹೊಸ್ತಿಲನ್ನೇ ಕಾಯುತ್ತ ಕುಳಿತಿದೆ. ರೈತನು ಮಳೆಯೊಡನೆ ನಡೆದು ಮಿರಗಕ್ಕೆ ಬಂದು ನಿಂತಿದ್ದಾನೆ. ಇನ್ನೊಂದು ಸಾವಿರ ವರ್ಷಕ್ಕೆ ಅವನು ರೋಹಿಣಿಯಲ್ಲಿ ಕೂರಿಗೆ ಕಟ್ಟಬೇಕಾದೀತು. ಗಾದೆಗಳು ಕೂಡ ಆ ಹೊತ್ತಿಗೆ ಯಾರ ಅಪ್ಪಣೆಯನ್ನೂ ಕಾಯದೆ ತಮ್ಮ ಹೆಸರುಗಳನ್ನು ಬದಲಿಸಿಕೊಂಡಿರುತ್ತವೆ.

ಮಳಖೇಡದ ಹೆಸರು ಬಂದುದರಿಂದ ಒಂದೆರಡು ಮಾತು. ಇಂದು ಸೇಡಂ ತಾಲೂಕಿನ ಸಾಧಾರಣ ಊರಾಗಿರುವ ಆ ಸ್ಥಳವು ಒಮ್ಮೆ ಮಾನ್ಯಖೇಟವಾಗಿ, ಅರಬ್ಬೀ ಪ್ರವಾಸಿಗಳ ಬರೆಹಗಳಲ್ಲಿ ಮಾನ್‌ಕೀರ್ ಆಗಿ ಪ್ರಸಿದ್ಧವಾಗಿತ್ತು. ಅಮೋಘವರ್ಷನ ಆಶ್ರಯವನ್ನು ಸ್ಮರಿಸುವ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಆ ಕಾಲದ್ದು. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಿತ್ತು. ವೇದ-ಶಾಸ್ತ್ರಗಳ ಅಧ್ಯಾಪಕರಲ್ಲದೆ ಪುಸ್ತಕಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ಅಲ್ಲಿ ವೃತ್ತಿಯಿದ್ದುದನ್ನು ಶಾಸನ ಹೇಳುತ್ತದೆ. ಇಂಥ ವಿದ್ಯಾಸ್ಥಾನಗಳಲ್ಲಿ ಜ್ಯೋತಿಷವನ್ನು ಓದಿದವರಿಗೆ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಅಪರಿಚಿತವಾಗಿದ್ದಿರಲಾರದು. ಮೇಘಗಳು ಮಾರ್ಗಶಿರದಿಂದ ಮೊದಲ್ಗೊಂಡು ಗರ್ಭ ಧರಿಸುತ್ತವೆ, ಗರ್ಭ ನಿಂತ ದಿನದಿಂದ 195ನೆಯ ದಿನಕ್ಕೆ ಮಳೆಯಾಗಿ ಪ್ರಸವಿಸುತ್ತವೆ, ಶುಕ್ಲಪಕ್ಷದ ಗರ್ಭ ಕೃಷ್ಣಪಕ್ಷದಲ್ಲಿಯೂ ಹಗಲಿನ ಗರ್ಭ ಇರುಳಿನಲ್ಲಿಯೂ ಫಲಿಸುತ್ತದೆ ಎಂಬ ಆತನ ಸಿದ್ಧಾಂತವು ವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲದಿರಬಹುದು. ಆದರೆ ಚಳಿಗಾಲದ ಆಕಾಶವನ್ನು ದಿನವಹಿ ನೋಡಿ ಬರೆದಿಟ್ಟುಕೊಳ್ಳಬೇಕೆಂಬ ಶಿಸ್ತನ್ನು ಅದು ವಿಧಿಸಿತು, ಮುಂದಿನ ಮಳೆಗಾಲದ ಬೀಜ ಹಿಂದಿನ ಚಳಿಗಾಲದಲ್ಲಿ ಅಡಗಿರಬಹುದೆಂಬ ಕಲ್ಪನೆಯನ್ನು ಬಿತ್ತಿತು. ಕನ್ನಡದಲ್ಲಿ 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರವೂ 1300ರ ಸುಮಾರಿನ ಅರ್ಹದ್ದಾಸನ ರಟ್ಟಮತವೂ ಇದೇ ಪರಂಪರೆಯವು. ರಟ್ಟಮತದ ವಸ್ತುವೇ ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳು. ಕಾವ್ಯವೆಂದು ಓದಹೊರಟವರಿಗೆ ಅದು ರುಚಿಸುವುದು ಕಷ್ಟ, ರೈತನ ಮನೆಯಲ್ಲಿ ಹುಟ್ಟಿದವರಿಗೆ ಬಿಡುವುದು ಕಷ್ಟ.

ಮಳೆಯನ್ನು ಅಳೆಯುವ ಯೋಚನೆಯೂ ನಮಗೆ ಹೊಸದಲ್ಲ. ಕೌಟಿಲ್ಯನು ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯಗಲದ ಕುಂಡವನ್ನು ವರ್ಷಮಾನಕ್ಕಾಗಿ ಇಡಬೇಕೆಂದು ವಿಧಿಸಿ, ದೇಶದೇಶಗಳ ಮಳೆಯನ್ನು ದ್ರೋಣಗಳಲ್ಲಿ ಹೇಳಿದ್ದಾನೆ. ಕಾಗಿಣಾ ಸೀಮೆಗೆ ಉತ್ತರದಲ್ಲಿ, ಗೋದಾವರಿಯ ಮಗ್ಗುಲಲ್ಲಿದ್ದ ಅಶ್ಮಕ ದೇಶಕ್ಕೆ ಆತನು ಕೊಟ್ಟ ಲೆಕ್ಕ 13½ ದ್ರೋಣ, ಅವಂತಿಗೆ 23. ಬಯಲುಸೀಮೆಯ ಬಡತನವು ಅರ್ಥಶಾಸ್ತ್ರದ ಕಾಲಕ್ಕೇ ದಾಖಲಾಗಿತ್ತೆಂದು ಬೇಕಾದವರು ಸಮಾಧಾನ ಪಟ್ಟುಕೊಳ್ಳಬಹುದು.

ಶಾಸ್ತ್ರವು ಹಳ್ಳಿಗೆ ಇಳಿದದ್ದು ಯುಗಾದಿಯ ಪಂಚಾಂಗಶ್ರವಣದ ಮೂಲಕ. ಗುಡಿಯ ಪೌಳಿಯಲ್ಲಿ ಕುಳಿತ ಜೋಯಿಸರು ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಸಸ್ಯಾಧಿಪತಿ, ಮೇಘಾಧಿಪತಿ ಯಾರು, ಮಳೆಯಲ್ಲಿ ಸಮುದ್ರಕ್ಕೆಷ್ಟು ಪಾಲು, ಪರ್ವತಕ್ಕೆಷ್ಟು, ಭೂಮಿಗೆಷ್ಟು ಎಂದು ಓದುತ್ತ ಹೋದರೆ, ಭೂಮಿಯ ಪಾಲು ಯಾವಾಗಲೂ ಕಡಿಮೆಯಾಗಿರುವುದನ್ನು ಕೇಳಿ ಹಿರಿಯರು ತಲೆಯಾಡಿಸುವರು. ಅದಕ್ಕಿಂತಲೂ ಹೆಚ್ಚು ಕುತೂಹಲದ್ದು ಮಳೆಯ ವಾಹನ. ಸೂರ್ಯನು ಹೊಸ ನಕ್ಷತ್ರವನ್ನು ಹೊಕ್ಕಾಗ, ಸೂರ್ಯನಿರುವ ನಕ್ಷತ್ರದಿಂದ ಚಂದ್ರನಿರುವ ನಕ್ಷತ್ರದವರೆಗೆ ಎಣಿಸಿ, ಬಂದ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿದಲ್ಲಿ ಕುದುರೆ, ಎರಡು ಉಳಿದಲ್ಲಿ ನರಿ, ಮೂರಕ್ಕೆ ಕಪ್ಪೆ, ನಾಲ್ಕಕ್ಕೆ ಟಗರು, ಐದಕ್ಕೆ ನವಿಲು, ಆರಕ್ಕೆ ಇಲಿ, ಏಳಕ್ಕೆ ಕೋಣ, ಎಂಟಕ್ಕೆ ಕತ್ತೆ, ಏನೂ ಉಳಿಯದಿದ್ದರೆ ಆನೆ. ಕಪ್ಪೆ, ಕೋಣ, ಆನೆಗಳಿಗೆ ನೀರು ಪ್ರಿಯವಾದುದರಿಂದ ಸುಭಿಕ್ಷ. ನರಿ, ಕತ್ತೆ, ಟಗರುಗಳ ಮೇಲೆ ಬಂದ ಮಳೆಯಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸುವುದಿಲ್ಲ. ಈ ಭಾಗಾಕಾರಕ್ಕೂ ಆಕಾಶದ ನೀರಿಗೂ ಸಂಬಂಧವಿಲ್ಲ. ಇದು ಮಾಡಿದ ಉಪಕಾರವೇ ಬೇರೆ: ಅಕ್ಷರ ಬಾರದವನಿಗೂ ಋತುವಿನ ಪಟ್ಟಿಯನ್ನು ಚಿತ್ರಗಳಲ್ಲಿ ಬಾಯಿಪಾಠ ಮಾಡಿಸಿತು. ವಾಹನ ಯಾವುದೇ ಆಗಲಿ, ರೈತನು ಅದನ್ನು ಕೇಳಿದ ಮೇಲೆ ಹೊಲಕ್ಕೆ ಹೋಗಿ ಮಣ್ಣನ್ನು ಬಗೆದು ನೋಡದೆ ಬಿತ್ತುತ್ತಿರಲಿಲ್ಲ. ಎರೆಮಣ್ಣನ್ನು ಗೇಣುದ್ದ ಬಗೆದು, ತಳದಿಂದ ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಅದುಮಿ, ಬಿಟ್ಟಾಗ ಉಂಡೆ ಒಡೆಯದೆ ನಿಂತಿತೆಂದರೆ ಹಸಿ ಇಳಿದಿದೆಯೆಂದು ಅರ್ಥ. ಅಂಗೈಗೆ ಅಂಟಿತೆಂದರೆ ಇನ್ನೂ ಎರಡು ದಿನ ತಡೆಯಬೇಕು, ಪುಡಿಯಾಯಿತೆಂದರೆ ಬೀಜವನ್ನು ಗಂಟುಕಟ್ಟಿ ಮನೆಗೆ ಒಯ್ಯಬೇಕು. ಇದಕ್ಕಿಂತ ನಂಬತಕ್ಕ ಮಳೆಮಾಪಕವನ್ನು ಎರೆಸೀಮೆಯ ಬಿತ್ತಿಗೆಯ ಮಟ್ಟಿಗೆ ಯಾರೂ ಕಂಡುಹಿಡಿದಂತಿಲ್ಲ.

ಕಾರಹುಣ್ಣಿಮೆಯ ದಿನ ಅಗಸೆಯಲ್ಲಿ ಕಟ್ಟಿದ ಕರಿಯನ್ನು ಹರಿಯುವ ಎತ್ತುಗಳಲ್ಲಿ ಬಿಳಿಯದು ಮುಂದಾದರೆ ಬಿಳಿಜೋಳ ಚೆನ್ನಾಗಿ ಬರುವುದೆಂದೂ, ಕಂದೋ ಕೆಂಪೋ ಮುಂದಾದರೆ ಆ ಬಣ್ಣದ ಬೆಳೆ ಬರುವುದೆಂದೂ ಹೇಳುವ ರೂಢಿ ಈ ಸೀಮೆಗೂ ಉಂಟು. ಮಳೆ ಕೈಕೊಟ್ಟಾಗ ರೊಟ್ಟಿಯ ಹಂಚಿನ ಮೇಲೆ ಗುರ್ಜಿಯೆಂಬ ಮಳೆದೇವತೆಯ ಬೊಂಬೆಯನ್ನಿಟ್ಟುಕೊಂಡು ಮಕ್ಕಳು ಮನೆಮನೆಗೆ ಹೋಗುವುದು, ಮನೆಯವರು ಹೊತ್ತವರ ತಲೆಯ ಮೇಲೆ ನೀರು ಸುರಿಯುವುದು, ಕಪ್ಪೆಗಳ ಮದುವೆ, ಏಳು ದಿನದ ಭಜನೆ, ಇವೆಲ್ಲವೂ ಕಣ್ಮುಂದಿನವು. ಆದರೆ ಹವೆಯ ಸುದ್ದಿಯ ನಿಜವಾದ ಪೇಟೆ ವಾರದ ಸಂತೆ. ಚಿಂಚೋಳಿಯ ಗುಡ್ಡದ ಕಡೆಯಿಂದ ಬಂದವನು ಅಲ್ಲಿ ಹಳ್ಳ ಬಂತೆಂದು ಹೇಳಿದರೆ, ತಾಂಡೂರಿನ ಕಡೆಯವನು ಬರೀ ಮೋಡವೆಂದು ಹೇಳಿದರೆ, ಭೀಮೆಯ ದಂಡೆಯವನು ಮೂಡಗಾಳಿ ತಿರುಗಿದೆಯೆಂದರೆ, ಈ ಮೂರು ಮಾತುಗಳನ್ನು ಕೂಡಿಸಿ ಮುಂದಿನ ಎಂಟು ದಿನದ ಅಂದಾಜನ್ನು ಕಟ್ಟಿಕೊಂಡು ಜನ ಊರಿಗೆ ಮರಳುತ್ತಿದ್ದರು. ದೂರದೂರದ ಏಕಕಾಲದ ವರದಿಗಳನ್ನು ಒಂದೆಡೆ ಕೂಡಿಸುವುದೇ ಹವಾಮಾನಶಾಸ್ತ್ರದ ಮೂಲಸೂತ್ರ. ಸಂತೆಗೆ ಅದು ಗೊತ್ತಿತ್ತು, ಆದರೆ ಎತ್ತಿನ ಗಾಡಿಗಿಂತ ವೇಗವಾಗಿ ಸುದ್ದಿ ಅಲ್ಲಿಗೆ ಬರುತ್ತಿರಲಿಲ್ಲ. ಮೋಡವಾದರೋ ಗಾಡಿಯನ್ನು ಕಾಯುವುದಿಲ್ಲ.

ಮಳೆಯ ಲೆಕ್ಕ ತಪ್ಪಿದಾಗ ಏನಾಗುತ್ತಿತ್ತೆಂಬುದಕ್ಕೆ ಚರಿತ್ರೆ ಸಾಕಷ್ಟು ಸಾಕ್ಷ್ಯ ಕೊಡುತ್ತದೆ. ಕಲಬುರಗಿಯು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ, ಎರಡನೆಯ ಮುಹಮ್ಮದನು ಕ್ಷಾಮದ ಕಾಲದಲ್ಲಿ ಮಾಳವ, ಗುಜರಾತುಗಳಿಂದ ಎತ್ತುಗಳ ಮೇಲೆ ಧಾನ್ಯ ತರಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1396ರಲ್ಲಿ ತೊಡಗಿ ಹನ್ನೆರಡು ವರ್ಷ ನಡೆಯಿತೆಂದು ಹೇಳುವ ದುರ್ಗಾದೇವಿಯ ಬರ ದಖ್ಖಣದ ನೆನಪಿನಿಂದ ಎಂದೂ ಅಳಿಯಲಿಲ್ಲ. ವಿದ್ಯಾಪ್ರಿಯನಾದ ಬಹಮನಿ ಸುಲ್ತಾನ ಫಿರೋಜ್ ಶಾಹನು 1407ರಲ್ಲಿ ದೌಲತಾಬಾದಿನ ಸಮೀಪದ ಘಟ್ಟದ ಮೇಲೆ ವೇಧಶಾಲೆಯೊಂದನ್ನು ಕಟ್ಟಿಸತೊಡಗಿದನು. ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿಯ ಮರಣದಿಂದ ಅದು ಅರ್ಧಕ್ಕೇ ನಿಂತಿತು. ಪೂರ್ಣಗೊಂಡಿದ್ದರೂ ಅಲ್ಲಿ ನೋಡುತ್ತಿದ್ದುದು ಗ್ರಹಗಳನ್ನೇ ಹೊರತು ಮೋಡಗಳನ್ನಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಹೈದರಾಬಾದು, ಮುಂಬಯಿ, ಮೈಸೂರು, ಮದರಾಸು ಪ್ರಾಂತಗಳನ್ನು ಒಟ್ಟಿಗೇ ಹಿಂಡಿತು. ಶಾಂತಮಹಾಸಾಗರದ ಸಮಭಾಜಕದ ನೀರು ಅಸಾಧಾರಣವಾಗಿ ಕಾಯ್ದಾಗ ಭಾರತದ ಮುಂಗಾರು ಸೊರಗುವುದುಂಟೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಈಗ ಎಲ್ ನಿನೋ ಎಂಬ ಹೆಸರು ಹಳ್ಳಿಯ ಚಹಾ ಅಂಗಡಿಯಲ್ಲಿಯೂ ಕೇಳಿಬರುತ್ತದೆ, ಆ ಬರ ಅಂಥ ಪ್ರಬಲವಾದ ಎಲ್ ನಿನೋದ ಕಾಲದ್ದು.

ಆ ಬರಕ್ಕೆ ಸ್ವಲ್ಪ ಮೊದಲೇ ಈ ಸೀಮೆಗೆ ಉಗಿಬಂಡಿ ಬಂದಿತ್ತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಶಹಾಬಾದು, ವಾಡಿಗಳನ್ನು ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೊರಟಿತು. ಹಳಿಯ ಜೊತೆಯಲ್ಲಿ ತಂತಿಯೂ ಬಂದಿತು. ವಾಡಿಯಂಥ ಚಿಕ್ಕ ಊರು ಜಂಕ್ಷನ್ ಎಂಬ ದೊಡ್ಡ ಹೆಸರನ್ನು ಹೊತ್ತು ಎರಡು ರಾಜ್ಯಗಳ ಸುದ್ದಿ ಕೂಡುವ ಸ್ಥಳವಾಯಿತು. 1864ರಲ್ಲಿ ಕಲಕತ್ತೆಯನ್ನು ಹಾಳುಗೆಡವಿದ ಚಂಡಮಾರುತವೂ ಅದರ ಬೆನ್ನಿಗೇ ಬಂದ ಕ್ಷಾಮಗಳೂ ಸರ್ಕಾರದ ಕಣ್ಣು ತೆರೆಯಿಸಿದ್ದರಿಂದ 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದ ವರ್ಷ ಮುಂಗಾರು ದುರ್ಬಲವಾಗುವುದೆಂಬ ಅನುಮಾನವನ್ನು ಹಿಡಿದು, 1886ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಳೆಗಾಲದ ಮುನ್ಸೂಚನೆಯನ್ನು ಪ್ರಕಟಿಸತೊಡಗಿದನು. ಚಳಿಗಾಲದಲ್ಲಿ ಮಳೆಗಾಲದ ಬೀಜವನ್ನು ಹುಡುಕುವ ವರಾಹಮಿಹಿರನ ಹಂಬಲವೇ ಬೇರೊಂದು ವೇಷದಲ್ಲಿ ಬಂದಿತೆಂದು ಹೇಳಿದರೆ ಬ್ಲಾನ್‌ಫರ್ಡನಿಗೆ ಬೇಸರವಾಗುತ್ತಿತ್ತೋ ಏನೋ. 1904ರಿಂದ 1924ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರನು ಮುಂಗಾರನ್ನು ಮೊದಲೇ ತಿಳಿಯಬೇಕೆಂದು ಲೋಕದ ಮೂಲೆಮೂಲೆಗಳ ವಾಯುಭಾರದ ಅಂಕಿಗಳನ್ನು ಹೋಲಿಸುತ್ತ ಹೋಗಿ, ಶಾಂತಸಾಗರದ ಮೇಲೂ ಹಿಂದೂ ಮಹಾಸಾಗರದ ಮೇಲೂ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವ ಒತ್ತಡದ ಆಂದೋಲನವನ್ನು ಕಂಡುಕೊಂಡನು.

ತಂತಿ ಬಂದ ಮೇಲೆ ಹವೆಯ ಲೆಕ್ಕಕ್ಕೆ ವಾರವೆಂಬ ಗಡುವು ಬಿದ್ದಿತು. ಬಿತ್ತಿಗೆ ಎಷ್ಟಾಯಿತು, ಮಳೆ ಎಷ್ಟಾಯಿತು, ಪೈರು ಹೇಗಿದೆ, ಧಾನ್ಯದ ಧಾರಣೆ ಏರಿತೇ ಇಳಿಯಿತೇ ಎಂಬ ಹಂಗಾಮಿನ ವರದಿಗಳು ವಾರವಾರವೂ ಜಿಲ್ಲೆಯಿಂದ ರಾಜಧಾನಿಗೆ ಹೋಗತೊಡಗಿದವು. ನಕ್ಷತ್ರದ ಹದಿಮೂರೂವರೆ ದಿನ ಬೇಸಾಯದ ಅಳತೆ. ವಾರವು ಆಡಳಿತದ ಅಳತೆ. ಬೆಳೆಯನ್ನು ರೂಪಾಯಿಗೆ ಎಷ್ಟು ಆಣೆಯೆಂದು ಅಂದಾಜು ಮಾಡುವ ಆಣೆವಾರಿಯೂ ಇದಕ್ಕೆ ಜೊತೆಯಾಯಿತು. ಎಂಟಾಣೆ ಬೆಳೆಯೆಂದು ಪಟವಾರಿ ಬರೆದರೆ ಕಂದಾಯ ಕಟ್ಟಲೇಬೇಕಾಗುತ್ತಿತ್ತು, ನಾಲ್ಕಾಣೆಯೆಂದು ಬರೆದರೆ ಸೂಟು ಸಿಗುವ ಆಸೆ. ಆದುದರಿಂದ ಮಳೆಗಿಂತ ಪಟವಾರಿಯ ಲೇಖನಿಯನ್ನೇ ಜನ ಹೆಚ್ಚು ಕಾತರದಿಂದ ನೋಡುತ್ತಿದ್ದರೆಂದರೆ ಆಶ್ಚರ್ಯವಿಲ್ಲ.

ತಹಸೀಲು ಕಚೇರಿಯ ಬಯಲಿನಲ್ಲಿ ನಿಂತ ಮಳೆಮಾಪಕವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಸೈಮನ್ಸನ ಹೆಸರಿನ ಆ ಹಳೆಯ ಮಾದರಿ ಐದು ಅಂಗುಲ ಬಾಯಿಯ ಲೋಹದ ಕೊಳವೆ. ಮೇಲೆ ಆಲಿಕೆ, ಒಳಗೆ ಶೀಸೆ, ನೆಲದಿಂದ ಅಡಿಯಷ್ಟು ಎತ್ತರದಲ್ಲಿ ಅಂಚು. ಬಾಯಿಯ ಅಂಚನ್ನು ಚೂಪಾಗಿ ಸಾಣೆ ಹಿಡಿದಿರುತ್ತಾರೆ, ಅದರ ಮೇಲೆ ಬಿದ್ದ ಹನಿ ಇಬ್ಭಾಗವಾಗಿ ಒಳಗಿನದು ಒಳಗೆ, ಹೊರಗಿನದು ಹೊರಗೆ ಹೋಗಬೇಕೆಂದು. ಬೆಳಿಗ್ಗೆ ಎಂಟೂವರೆಗೆ ಗುಮಾಸ್ತನು ಶೀಸೆಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಅಂಕಿಯನ್ನು ಪುಸ್ತಕದಲ್ಲಿ ಏರಿಸುತ್ತಾನೆ. ನಿಜಾಮರ ಕಾಲದಲ್ಲಿ ಆ ಪುಸ್ತಕದ ಭಾಷೆ ಉರ್ದು, ಅಳತೆ ಅಂಗುಲ-ಸೆಂಟುಗಳದು. 1956ರಲ್ಲಿ, ಆಗ ಗುಲಬರ್ಗಾ ಎನಿಸಿದ್ದ ಕಲಬುರಗಿ ಜಿಲ್ಲೆ ವಿಶಾಲ ಮೈಸೂರನ್ನು ಸೇರಿ, ಮೆಟ್ರಿಕ್ ಪದ್ಧತಿಯೂ ಬಂದ ಮೇಲೆ ಕನ್ನಡವೂ ಮಿಲಿಮೀಟರೂ ಹೆಚ್ಚುಕಡಿಮೆ ಒಟ್ಟಿಗೇ ಕಚೇರಿ ಹೊಕ್ಕವು. ಇಂದಿನ ಮಳೆಯೆಂದು ಪತ್ರಿಕೆಯಲ್ಲಿ ಅಚ್ಚಾಗುವುದು ನಿನ್ನೆ ಎಂಟೂವರೆಯಿಂದ ಇಂದು ಎಂಟೂವರೆಯವರೆಗಿನ ನೀರು, 2.5 ಮಿಲಿಮೀಟರಿಗೆ ಕಡಿಮೆಯಾದರೆ ಅದು ಮಳೆಯ ದಿನವೇ ಅಲ್ಲ. ಜನಕ್ಕೂ ಕಚೇರಿಗೂ ಈ ವಿಷಯದಲ್ಲಿ ಎಂದೂ ಒಮ್ಮತವಾಗಿಲ್ಲ. ಎತ್ತಿನ ಒಂದು ಕೊಂಬು ತೊಯ್ದು ಮತ್ತೊಂದು ಒಣಗಿಯೇ ಉಳಿಯುವ ಮಳೆಯೆಂದು ಆಡಿಕೊಳ್ಳುವ ನಾಡಿನಲ್ಲಿ, ಸೇಡಮ್ಮಿನ ಶೀಸೆ ತುಂಬಿದಾಗ ಎರಡು ಹರದಾರಿ ಆಚೆಯ ಹೊಲದಲ್ಲಿ ಧೂಳು ಹಾರುತ್ತಿರುವುದು ಅಪರೂಪವಲ್ಲ.

ಅಂಥ ತುಣುಕು ಮಳೆಗೆ ಕಾರಣ ಬೇಸಗೆಯ ಗುಡುಗುಮೋಡ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ ನಾಲ್ವತ್ತು ಅಂಶವನ್ನು ದಾಟಿ, ಕರಿಯ ನೆಲವೂ ಶಹಾಬಾದಿನ ಫರಸಿ ಹೊದಿಸಿದ ಮಾಳಿಗೆಗಳೂ ಕಾಯ್ದ ಹಂಚಿನಂತಾದಾಗ, ನೆಲವನ್ನು ತಾಗಿದ ಗಾಳಿ ಹಗುರವಾಗಿ ಮೇಲೇಳುತ್ತದೆ. ಮೂಡಣದ ಕೊಲ್ಲಿಯಿಂದ ಬಂದ ತೇವ ಅದಕ್ಕೆ ಸೇರಿದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಹತ್ತಾರು ಸಾವಿರ ಅಡಿ ಬೆಳೆದು, ತುದಿಯಲ್ಲಿ ನೀರು ಹೆಪ್ಪುಗಟ್ಟಿ, ಹರಳುಗಳ ತಿಕ್ಕಾಟದಿಂದ ವಿದ್ಯುತ್ತು ಬೇರೆಬೇರೆಯಾಗಿ ನಿಂತು, ಸಂಜೆಗೆ ಸಿಡಿಲು, ಬಿರುಗಾಳಿ, ಒಮ್ಮೊಮ್ಮೆ ಆಣೆಕಲ್ಲು. ಹೊಲದ ನಡುವೆ ಒಂಟಿ ಬೇವಿನ ಕೆಳಗೆ ನಿಂತವರಿಗೂ ಕುರಿಮಂದೆಗೂ ಸಿಡಿಲು ಎರಗುವುದು ಈ ಕಾಲದಲ್ಲಿಯೇ. ಜೂನಿನ ಮುಂಗಾರು ಹಾಗಲ್ಲ. ಅದು ಹರವಾದ ಮೋಡದ ಜಿಟಿಜಿಟಿ ಮಳೆ, ನಡುನಡುವೆ ವಾರಗಟ್ಟಲೆ ಬಿಡುವು. ಚಂದ್ರನ ಸುತ್ತ ಕಾಣುವ ಪರಿವೇಷವನ್ನು ತೆಲುಗರು ವರದಗುಡಿ ಎನ್ನುವರು. ಅತಿ ಎತ್ತರದ ತೆಳುಮೋಡದಲ್ಲಿ ಹಿಮದ ಹರಳುಗಳು ಬೆಳಕನ್ನು 22 ಅಂಶ ಬಾಗಿಸುವುದರಿಂದ ಆ ವರ್ತುಲ ಮೂಡುತ್ತದೆ, ಅಂಥ ಮೋಡ ಎಷ್ಟೋ ವೇಳೆ ದೂರದ ವಾಯುಭಾರ ಕುಸಿತದ ಮುಂಚೂಣಿಯಾಗಿರುವುದರಿಂದ ಅದು ಕಂಡರೆ ಮಳೆ ಬರುವುದೆಂಬ ಹಳ್ಳಿಗರ ನಂಬಿಕೆ ನಿರಾಧಾರವೇನಲ್ಲ.

ಸೆಪ್ಟೆಂಬರಿನಲ್ಲಿ ಕೊಲ್ಲಿಯ ವಾಯುಭಾರ ಕುಸಿತಗಳು ಆಂಧ್ರದ ಕರಾವಳಿಯನ್ನು ದಾಟಿ ಪಡುವಣಕ್ಕೆ ನಡೆದಾಗ ಈ ಸೀಮೆಯ ದೊಡ್ಡ ಮಳೆಗಳು ಬರುತ್ತವೆ. ಜೋಳವನ್ನೂ ಕಡಲೆಯನ್ನೂ ಸಾಕುವ ಹಸಿ ಅದೇ, ಊರನ್ನು ಮುಳುಗಿಸುವ ನೀರೂ ಅದೇ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ನೆಲವನ್ನು ಮುಟ್ಟಿದ ವಾಯುಭಾರ ಕುಸಿತವು ಹೈದರಾಬಾದನ್ನು ಜಲಾವೃತಗೊಳಿಸಿ, ಅನಂತಗಿರಿಯ ಮೇಲೆ ಸುರಿದು, ಕಾಗಿಣಾ, ಮುಲ್ಲಾಮಾರಿಗಳನ್ನು ಉಕ್ಕಿಸಿತು. ಕಾಗಿಣಾ ಹೀಗೆ ಸೊಕ್ಕಿದಾಗಲೆಲ್ಲ ಮಳಖೇಡದ ಸೇತುವೆ ಮುಳುಗಿ ಸೇಡಂ-ಕಲಬುರಗಿಯ ದಾರಿ ಕಡಿಯುತ್ತದೆ. ದಂಡೆಯ ಮೇಲಿರುವ, ಮಾಧ್ವ ಯತಿ ಜಯತೀರ್ಥರ ವೃಂದಾವನದ ಮಠಕ್ಕೂ ನೀರಿನ ಭಯ. ಬೆಳೆದು ನಿಂತ ತೊಗರಿ ಎರೆಯ ಕೆಸರಿನಲ್ಲಿ ನಾಲ್ಕು ದಿನ ನಿಂತರೆ ಬೇರು ಕೊಳೆತು ಒಣಗುತ್ತದೆ. ಬರಕ್ಕೆಂದು ಹೆಸರಾದ ನಾಡಿನಲ್ಲಿ ನೀರು ಹೆಚ್ಚಾಗಿ ಕೆಟ್ಟ ವರ್ಷಗಳ ಪಟ್ಟಿಯೂ ಬೆಳೆಯುತ್ತಿದೆ.

ಶಹಾಬಾದು, ವಾಡಿಗಳ ಮಳೆಯ ಚರಿತ್ರೆ ಸ್ವಲ್ಪ ಬೇರೆ. ಸುಣ್ಣಕಲ್ಲಿನ ಹಾಸುಬಂಡೆಯನ್ನು ಕಬ್ಬಿಣದ ಸನಿಕೆಯಿಂದ ಪದರ ಪದರವಾಗಿ ಎಬ್ಬಿಸಿ ಫರಸಿ ಮಾಡುವ ಗಣಿಗಳಿಗೆ ಮಳೆಗಾಲವೆಂದರೆ ಕೆಲಸ ನಿಂತ ಕಾಲ. ಗುಂಡಿಗಳಲ್ಲಿ ಆಳುದ್ದ ನೀರು ನಿಂತು, ಕೂಲಿಕಾರರು ಹೊಲಗಳ ಕಡೆಗೆ ಹೊರಳುತ್ತಾರೆ. 1936ರಲ್ಲಿ ಎ.ಸಿ.ಸಿ. ಕೂಟದಲ್ಲಿ ವಿಲೀನವಾದ ಶಹಾಬಾದಿನ ಸಿಮೆಂಟ್ ಕಂಪನಿಯೂ ಮುಂದೆ ವಾಡಿಯಲ್ಲಿ ಎದ್ದ ಕಾರ್ಖಾನೆಯೂ ಮಿರಗವನ್ನು ಕಾದವಲ್ಲ. ಆದರೂ ಅಲ್ಲಿಯ ಪಾಳಿಯ ಕೆಲಸಗಾರನೊಬ್ಬನಿಗೆ ಊರಲ್ಲಿ ನಾಲ್ಕೆಕರೆ ಹೊಲವಿದ್ದೇ ಇರುತ್ತದೆ, ರೋಹಿಣಿ ಮುಗಿಯುತ್ತಲೇ ರಜೆಯ ಅರ್ಜಿಗಳು ಹೆಚ್ಚುತ್ತವೆ.

1966ರಲ್ಲಿ ಗುಲಬರ್ಗಾದ ಆಕಾಶವಾಣಿ ಆರಂಭವಾದ ಮೇಲೆ ಪ್ರದೇಶ ಸಮಾಚಾರದ ಕೊನೆಯಲ್ಲಿ ಒಣಹವೆ ಮುಂದುವರಿಯುವುದೆಂಬ ವಾಕ್ಯವು ಸಂಜೆಯ ನಿತ್ಯಪಾಠವಾಯಿತು. ಉತ್ತರ ಒಳನಾಡಿಗೆಲ್ಲ ಒಂದೇ ಮಾತನ್ನು ಹೇಳುತ್ತಿದ್ದುದರಿಂದ ಅದು ಬಹಳ ವೇಳೆ ಎಲ್ಲಿಯೋ ನಿಜವಾಗಿ ಇಲ್ಲಿ ಸುಳ್ಳಾಗುತ್ತಿತ್ತು. ಕರ್ನಾಟಕ ಸರ್ಕಾರವು 1988ರಲ್ಲಿ ಸ್ಥಾಪಿಸಿದ ಬರ ಉಸ್ತುವಾರಿ ಘಟಕವೇ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ನಿಲ್ಲಿಸಿದೆ, ವರುಣಮಿತ್ರವೆಂಬ ದೂರವಾಣಿಯಲ್ಲಿ ರೈತರ ಪ್ರಶ್ನೆಗೆ ಉತ್ತರಿಸುತ್ತದೆ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರಗಳಂದು ಮುಂದಿನ ಐದು ದಿನಗಳ ಮಳೆ, ಉಷ್ಣತೆ, ಆರ್ದ್ರತೆ, ಗಾಳಿ, ಮೋಡಗಳ ಅಂದಾಜನ್ನು ಜಿಲ್ಲೆಗೆ ಹೊಂದಿಸಿ ಕೊಡುತ್ತದೆ. ಇವುಗಳಲ್ಲಿ ಮೋಡದ ಕಲಮು ತೊಗರಿಯವನಿಗೆ ಮುಖ್ಯ. ಹೂವು-ಕಾಯಿಯ ಕಾಲವಾದ ನವೆಂಬರ್, ಡಿಸೆಂಬರಿನಲ್ಲಿ ಮೂರು ದಿನ ಮೋಡ ಕವಿದು ನಿಂತರೆ ಕಾಯಿಕೊರಕ ಕೀಡೆ ಏಳುತ್ತದೆ. ಮಳೆ ಬೀಳದಿದ್ದರೂ ನಷ್ಟ ಆ ಮೋಡದ್ದೇ. ಅದೇ ದಿನಗಳಲ್ಲಿ ಆಕಾಶ ತಿಳಿಯಾಗಿ ಇಬ್ಬನಿ ಬಿದ್ದರೆ ಕಡಲೆಯ ಹೊಲದಲ್ಲಿ ಹೆಂಗಸರು ನಸುಕಿನಲ್ಲಿ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ನೆನೆದುದನ್ನು ಹಿಂಡಿ, ಹುಳಿ ತೆಗೆಯುತ್ತಾರೆ.

ಈ ಅಂಕಿಗಳಿಗೆ ಈಗ ಹಣದ ಬೆಲೆಯೂ ಬಂದಿದೆ. 2016ರ ಬರ ಕೈಪಿಡಿಯ ಪ್ರಕಾರ, ಮುಂಗಾರು ಬರಬೇಕಾದ ದಿನ ಕಳೆದ ಮೇಲೆ ಮೂರು-ನಾಲ್ಕು ವಾರ ಎಡೆಬಿಡದೆ ವಾರವಾರದ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಾದರೆ ಅದು ಒಣ ಅವಧಿ. ತಾಲೂಕನ್ನು ಬರಪೀಡಿತವೆಂದು ಸಾರುವಾಗ ಮೊದಲು ನೋಡುವ ಲಕ್ಷಣಗಳಲ್ಲಿ ಅದೂ ಒಂದು. ಮೂರನೆಯ ವಾರದ ಕೊನೆಗೆ ಮಾಪಕದಲ್ಲಿ ಒಂದು ಅಡ್ಡಮಳೆ ಬಿದ್ದು ಅರ್ಧದ ಗೆರೆಯನ್ನು ದಾಟಿತೆಂದರೆ, ಪಕ್ಕದ ಹಳ್ಳಿಯ ಹೆಸರು-ಉದ್ದು ಬಾಡಿ ಮಲಗಿದ್ದರೂ ಲೆಕ್ಕ ಮತ್ತೆ ಮೊದಲಿನಿಂದ. ಅಂಥ ವರ್ಷಗಳಲ್ಲಿ ಪಂಚಾಯಿತಿಯ ಮಾಳಿಗೆಯ ಮೇಲಿನ ಡಬ್ಬಿಯ ಬಗೆಗೆ ಗ್ರಾಮಸಭೆಯಲ್ಲಿ ಏಳುವ ತಕರಾರು, ಹಿಂದೆ ಆಣೆವಾರಿಯ ಬಗೆಗೆ ಪಟವಾರಿಯ ಜಗಲಿಯಲ್ಲಿ ಎದ್ದ ತಕರಾರಿನಷ್ಟೇ ಜೋರಾಗಿರುತ್ತದೆ, ವಾದಿಸುವವರು ಮಾತ್ರ ಈಗ ಫೋನಿನಲ್ಲಿ ತಮ್ಮ ಹೊಲದ ಚಿತ್ರವನ್ನೂ ತೋರಿಸುತ್ತಾರೆ.